ಕಾಯಿಲೆಗೆ ಈ ಪ್ರೋಟೀನೇ ಕಾರಣವೇ? ಜೀನ್ ಹಿಡಿದು ಪತ್ತೆ ಮಾಡುವುದು ಹೀಗೆ

ಹೃದಯಾಘಾತ ಆದವರ ರಕ್ತದಲ್ಲಿ ಸಿಆರ್‌ಪಿ ಅನ್ನುವ, ಉರಿಯೂತ ಆದಾಗ ಏರುವ ಪ್ರೋಟೀನ್ ಜಾಸ್ತಿ ಇರುತ್ತದೆ. ಆಘಾತಕ್ಕೆ ಎಷ್ಟೋ ವರ್ಷ ಮೊದಲು ತೆಗೆದಿಟ್ಟ ರಕ್ತದಲ್ಲೂ ಅದು ಜಾಸ್ತಿಯೇ. ಹಾಗಾದರೆ ಸಿಆರ್‌ಪಿ ಇಳಿಸಿದರೆ ಹೃದಯ ಉಳಿಯುತ್ತದೆ, ಅಲ್ವಾ? ಬಹಳ ಕಾಲ ಅನೇಕರು ಹಾಗೇ ಅಂದುಕೊಂಡಿದ್ದರು. 2011ರಲ್ಲಿ 1,94,418 ಜನರ ಮಾಹಿತಿಯನ್ನು ಒಟ್ಟು ಹಾಕಿದ ಅಧ್ಯಯನ ಬಂತು. ಕೆಲವರಿಗೆ ಹುಟ್ಟಿನಿಂದಲೇ ಸಿಆರ್‌ಪಿ ಸ್ವಲ್ಪ ಜಾಸ್ತಿ ಇರುತ್ತದೆ, ಅವರ ಜೀನ್‌ನಲ್ಲೇ ಹಾಗೆ ಬರೆದಿರುತ್ತದೆ. ಅಂಥವರಿಗೆ ಹೃದ್ರೋಗ ಜಾಸ್ತಿ ಬಂದಿರಲಿಲ್ಲ. ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಗಂಟು ಹಾಕಿದಂತಾಗಿತ್ತು.

ಪಿಸಿಎಸ್‌ಕೆ9 ಅನ್ನುವ ಪ್ರೋಟೀನ್‌ನ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಇದನ್ನು ತಯಾರಿಸುವ ಜೀನ್ ಕೆಟ್ಟು ಪ್ರೋಟೀನ್ ಕಡಿಮೆಯಾದ ಜನರನ್ನು ಅಮೆರಿಕದಲ್ಲಿ 15 ವರ್ಷ ಗಮನಿಸಿದರು. 2006ರಲ್ಲಿ ಫಲಿತಾಂಶ ಬಂತು. ಅಂಥ ವ್ಯತ್ಯಾಸ ಹೊತ್ತ ಕಪ್ಪು ಜನಾಂಗದವರಲ್ಲಿ ಎಲ್‌ಡಿಎಲ್ ಕೊಲೆಸ್ಟ್ರಾಲ್ 28% ಕಡಿಮೆ ಇತ್ತು, ಹೃದ್ರೋಗದ ಅಪಾಯ 88% ಕಡಿಮೆ ಇತ್ತು. 2015ರಲ್ಲಿ ಈ ಪ್ರೋಟೀನ್ ತಡೆಯುವ ಎರಡು ಔಷಧಿಗಳಿಗೆ ಒಪ್ಪಿಗೆಯೂ ಸಿಕ್ಕಿತು.

ಒಂದು ಪ್ರೋಟೀನ್ ಬರೀ ಗುರುತು, ಇನ್ನೊಂದು ನಿಜವಾದ ಕಾರಣ. ಇವೆರಡನ್ನು ಬೇರೆ ಮಾಡುವ ಕೆಲಸವನ್ನು ಈಗ ನೀವೂ ನಿಮ್ಮ ಕಂಪ್ಯೂಟರ್‌ನಲ್ಲೇ ಮಾಡಬಹುದು. ಬೇಕಾದ ಮಾಹಿತಿಯಲ್ಲಿ ಹೆಚ್ಚಿನದು ಉಚಿತವಾಗಿ ಸಿಗುತ್ತದೆ. ಆದರೆ ಉತ್ತರ ಬಂತು ಅಂದುಕೊಂಡು ಮೋಸ ಹೋಗುವುದೂ ಅಷ್ಟೇ ಸುಲಭ. ಅದಕ್ಕೇ ಈ ಲೇಖನದಲ್ಲಿ ಲೆಕ್ಕಕ್ಕಿಂತ, ಲೆಕ್ಕ ಬಂದ ಮೇಲೆ ಅದನ್ನು ಹೇಗೆ ಪರೀಕ್ಷಿಸಬೇಕು ಅನ್ನುವುದರ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಜೀನ್ ಯಾಕೆ ನಂಬಿಕಸ್ಥ ಸಾಕ್ಷಿ

ಡಿಎನ್‌ಎಯಲ್ಲಿ ಒಬ್ಬರಿಂದ ಒಬ್ಬರಿಗೆ ಅಲ್ಲಲ್ಲಿ ಒಂದೊಂದು ಅಕ್ಷರ ಬೇರೆ ಇರುತ್ತದೆ. ಇದಕ್ಕೆ ವೇರಿಯಂಟ್ ಅನ್ನುತ್ತಾರೆ. ಅಪ್ಪನಿಂದ ಯಾವುದು ಬಂತು, ಅಮ್ಮನಿಂದ ಯಾವುದು ಬಂತು ಅನ್ನುವುದು ಚೀಟಿ ಎತ್ತಿದ ಹಾಗೆ, ಹುಟ್ಟುವ ಮೊದಲೇ ತೀರ್ಮಾನ ಆಗಿರುತ್ತದೆ. ಆಮೇಲೆ ಕಾಯಿಲೆ ಬಂದರೂ, ಸಿಗರೇಟು ಸೇದಿದರೂ, ಮಾತ್ರೆ ನುಂಗಿದರೂ ಅದು ಬದಲಾಗುವುದಿಲ್ಲ. ರಕ್ತದ ಪ್ರೋಟೀನ್ ಹಾಗಲ್ಲ. ಪಿಸಿಎಸ್‌ಕೆ9ನ್ನೇ ನೋಡಿ. ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಏರುತ್ತದೆ. ಸುಮ್ನೆ ರಕ್ತ ಅಳೆದು ಹೋಲಿಸಿದರೆ ಚಿಕಿತ್ಸೆಯೇ ಲೆಕ್ಕ ಕೆಡಿಸಿಬಿಡುತ್ತದೆ.

ಪ್ರೋಟೀನ್ ಮಟ್ಟ ಏರಿಸುವ ಅಥವಾ ಇಳಿಸುವ ವೇರಿಯಂಟ್ ಇರುವ ಜಾಗಕ್ಕೆ ಪಿಕ್ಯುಟಿಎಲ್ ಅನ್ನುವ ಹೆಸರಿದೆ. ಆ ವೇರಿಯಂಟ್ ಹೊತ್ತವರಿಗೆ ಕಾಯಿಲೆಯೂ ಅದೇ ಅಳತೆಗೆ ತಕ್ಕಂತೆ ಹೆಚ್ಚು ಕಡಿಮೆ ಆಗಿದ್ದರೆ, ಪ್ರೋಟೀನ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಈ ತರ್ಕಕ್ಕೆ ಮೆಂಡೇಲಿಯನ್ ರ‍್ಯಾಂಡಮೈಸೇಶನ್ ಅನ್ನುತ್ತಾರೆ.

1. ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ

"ಪ್ರೋಟೀನ್‌ಗೂ ಹೃದಯಕ್ಕೂ ಏನು ಸಂಬಂಧ" ಅಂತ ಬರೆದರೆ ಸಾಲದು. "ರಕ್ತದಲ್ಲಿ ಈ ಪ್ರೋಟೀನ್ ಜೀವನಪೂರ್ತಿ ಜಾಸ್ತಿ ಇದ್ದರೆ ಈ ಕಾಯಿಲೆ ಬರುವ ಸಾಧ್ಯತೆ ಏರುತ್ತದೆಯೇ, ಇಳಿಯುತ್ತದೆಯೇ" ಅಂತ ಬರೆಯಿರಿ. "ಜೀವನಪೂರ್ತಿ" ಅನ್ನುವ ಪದವನ್ನು ಬಿಡಬೇಡಿ. ಜೀನ್ ತೋರಿಸುವುದು ದಶಕಗಳ ಪರಿಣಾಮವನ್ನು. ಎರಡು ವರ್ಷ ಔಷಧಿ ಕೊಟ್ಟರೆ ಅಷ್ಟೇ ಫಲ ಬರುತ್ತದೆ ಅಂತ ಇದರಿಂದ ಹೇಳಲಾಗದು. ಇನ್ನೊಂದು ವಿಷಯ: ಕಾಯಿಲೆ ಬರುವುದು ಬೇರೆ, ಬಂದ ಕಾಯಿಲೆ ಉಲ್ಬಣ ಆಗುವುದು ಬೇರೆ. ನಿಮ್ಮ ಪ್ರಶ್ನೆ ಯಾವುದು ಅಂತ ಮೊದಲೇ ಖಚಿತ ಮಾಡಿಕೊಳ್ಳಿ.

2. ಎರಡು ಕಡೆಯ ಡೇಟಾ ತನ್ನಿ

ಒಂದು ಫೈಲ್‌ನಲ್ಲಿ ವೇರಿಯಂಟ್ ಮತ್ತು ಪ್ರೋಟೀನ್‌ನ ನಂಟು ಇರಬೇಕು, ಇನ್ನೊಂದರಲ್ಲಿ ಅದೇ ವೇರಿಯಂಟ್ ಮತ್ತು ಕಾಯಿಲೆಯ ನಂಟು. ಒಬ್ಬೊಬ್ಬರ ಡಿಎನ್‌ಎ ಬೇಕಿಲ್ಲ. ಎಲ್ಲರನ್ನೂ ಸೇರಿಸಿ ತೆಗೆದ ಸಾರಾಂಶದ ಅಂಕಿ ಸಾಕು.

ಪ್ರೋಟೀನ್ ಕಡೆಗೆ ಯುಕೆ ಬಯೋಬ್ಯಾಂಕ್‌ನ 2023ರ ಡೇಟಾ ಇದೆ. 54,219 ಜನರಲ್ಲಿ 2,923 ಪ್ರೋಟೀನ್ ಅಳೆದು 14,287 ಜೀನ್ ನಂಟು ಹುಡುಕಿದ್ದಾರೆ. ಐಸ್‌ಲ್ಯಾಂಡ್‌ನ ಡಿಕೋಡ್ ಸಂಸ್ಥೆ 2021ರಲ್ಲಿ 35,559 ಜನರ ಡೇಟಾ ಪ್ರಕಟಿಸಿತು. ಕಾಯಿಲೆ ಕಡೆಗೆ ಫಿನ್‌ಲ್ಯಾಂಡ್‌ನ ಫಿನ್‌ಜೆನ್ ಇದೆ. ಬೇರೆ ಬೇರೆ ಅಧ್ಯಯನಗಳ ಫೈಲ್‌ಗಳು ಜಿವಾಸ್ (GWAS) ಕ್ಯಾಟಲಾಗ್ ಅನ್ನುವ ಆನ್‌ಲೈನ್ ಸಂಗ್ರಹದಲ್ಲೂ ಸಿಗುತ್ತವೆ.

ಎರಡೂ ಫೈಲ್‌ನಲ್ಲಿ ಅದೇ ಜನ ಇರದಿದ್ದರೆ ಒಳ್ಳೆಯದು, ಇದ್ದರೆ ಲೆಕ್ಕ ಒಂದು ಕಡೆಗೆ ವಾಲಬಹುದು. ಆದರೆ ಎರಡೂ ಕಡೆಯ ಜನರ ವಂಶಮೂಲ ಹತ್ತಿರ ಇರಬೇಕು. ಅಕ್ಕಪಕ್ಕದ ವೇರಿಯಂಟ್‌ಗಳು ಒಟ್ಟಿಗೆ ಸಾಗುವ ಕ್ರಮ ಒಂದು ಜನಸಮೂಹದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಈಗಿರುವ ಡೇಟಾದಲ್ಲಿ ಹೆಚ್ಚಿನದು ಯುರೋಪ್ ಮೂಲದವರದ್ದು. ನನಗೆ ಇದು ಬಹಳ ಬೇಸರದ ವಿಷಯ. ಪಿಸಿಎಸ್‌ಕೆ9ರ ಅಷ್ಟು ದೊಡ್ಡ ಸುಳಿವು ಸಿಕ್ಕಿದ್ದು ಕಪ್ಪು ಜನಾಂಗದವರನ್ನೂ ಅಧ್ಯಯನಕ್ಕೆ ಸೇರಿಸಿಕೊಂಡಿದ್ದರಿಂದ.

3. ಸರಿಯಾದ ವೇರಿಯಂಟ್ ಆರಿಸಿ

ಪ್ರೋಟೀನ್ ತಯಾರಿಸುವ ಜೀನ್‌ನ ಒಳಗೆ ಅಥವಾ ಅಕ್ಕಪಕ್ಕದಲ್ಲೇ ಇರುವ ವೇರಿಯಂಟ್‌ಗೆ ಸಿಸ್ ಅನ್ನುತ್ತಾರೆ. ಸಾಮಾನ್ಯವಾಗಿ ಜೀನ್‌ನಿಂದ ಎರಡೂ ಕಡೆ 10 ಲಕ್ಷ ಅಕ್ಷರದೊಳಗೆ ಇದ್ದರೆ ಸಿಸ್, ಅದಕ್ಕಿಂತ ದೂರ ಇದ್ದರೆ ಅಥವಾ ಬೇರೆ ಕ್ರೋಮೋಸೋಮ್‌ನಲ್ಲಿದ್ದರೆ ಟ್ರಾನ್ಸ್. ಹೊಸಬರಿಗೆ ನನ್ನ ಮಾತು ಇಷ್ಟೇ: ಸಿಸ್‌ನಿಂದ ಶುರು ಮಾಡಿ.

ಯಾಕೆಂದರೆ ಟ್ರಾನ್ಸ್ ವೇರಿಯಂಟ್ ಎಲ್ಲಿಂದಲೋ ಬಂದು, ದಾರಿಯಲ್ಲಿ ಹತ್ತಾರು ವಿಷಯಗಳನ್ನು ಮುಟ್ಟಿ, ಕೊನೆಗೆ ನಿಮ್ಮ ಪ್ರೋಟೀನ್‌ಗೆ ತಲುಪಿರುತ್ತದೆ. ರಕ್ತದ ಗುಂಪು ತೀರ್ಮಾನಿಸುವ ಎಬಿಒ ಜೀನ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ವೇರಿಯಂಟ್‌ಗಳು ತುಂಬಾ ಪ್ರೋಟೀನ್‌ಗಳ ಮಟ್ಟ ಬದಲಿಸುತ್ತವೆ. ಒ ಗುಂಪಿನವರಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗುವ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಸುಮಾರು 25% ಕಡಿಮೆ ಇರುತ್ತದೆ. ಎಬಿಒ ವೇರಿಯಂಟ್ ಇಟ್ಟುಕೊಂಡು ಬೇರೆ ಯಾವುದೋ ಪ್ರೋಟೀನ್ ರಕ್ತನಾಳದ ಕಾಯಿಲೆ ತರುತ್ತದೆ ಅಂತ ಹೇಳಲು ಹೊರಟರೆ, ನಿಜವಾದ ಕೆಲಸ ಇದರದ್ದೋ ಅದರದ್ದೋ ಗೊತ್ತಾಗುವುದೇ ಇಲ್ಲ.

ಪಿ ವ್ಯಾಲ್ಯೂ, ಅಂದರೆ ನಿಜವಾದ ನಂಟು ಇಲ್ಲದಿದ್ದರೂ ಬರೀ ಅದೃಷ್ಟದಿಂದ ಇಷ್ಟು ನಂಟು ಕಾಣುವ ಸಂಭವ, 5×10⁻⁸ಕ್ಕಿಂತ ಚಿಕ್ಕದಿರಲಿ. ಫೈಲ್‌ನಲ್ಲಿರುವ ಬೀಟಾವನ್ನು (ಒಂದು ಅಕ್ಷರದ ಪರಿಣಾಮ ಎಷ್ಟು ಅನ್ನುವ ಅಂಕಿ) ಸ್ಟ್ಯಾಂಡರ್ಡ್ ಎರರ್‌ನಿಂದ (ಆ ಅಂಕಿ ಎಷ್ಟು ಅತ್ತಿತ್ತ ಆಗಬಹುದು ಅನ್ನುವ ಅಳತೆ) ಭಾಗಿಸಿ ವರ್ಗ ಮಾಡಿದರೆ ಎಫ್ ಅನ್ನುವ ಅಂಕಿ ಬರುತ್ತದೆ. ಅದು 10ಕ್ಕಿಂತ ಕಡಿಮೆ ಇದ್ದರೆ ಆ ವೇರಿಯಂಟ್ ಬಿಟ್ಟುಬಿಡಿ, ಅದಕ್ಕೆ ಬಲ ಸಾಲದು.

4. ಅಕ್ಷರಗಳನ್ನು ಸರಿ ಹೊಂದಿಸಿ

ಕೇಳಲು ಸಣ್ಣ ಕೆಲಸ, ಆದರೆ ಮನೆ ಮುರಿಯುವ ಕೆಲಸ. ಒಂದು ಫೈಲ್ "ಎ" ಅಕ್ಷರ ಇದ್ದರೆ ಪ್ರೋಟೀನ್ ಎಷ್ಟು ಏರುತ್ತದೆ ಅಂತ ಹೇಳುತ್ತದೆ. ಇನ್ನೊಂದು ಫೈಲ್ ಅದೇ ಜಾಗದಲ್ಲಿ "ಜಿ" ಇದ್ದರೆ ಕಾಯಿಲೆ ಎಷ್ಟು ಏರುತ್ತದೆ ಅಂತ ಹೇಳಿರುತ್ತದೆ. ನೋಡದೆ ಜೋಡಿಸಿದರೆ ಉತ್ತರ ತಲೆಕೆಳಗಾಗುತ್ತದೆ. ಕಾಯಿಲೆ ತರುವ ಪ್ರೋಟೀನ್ ಕಾಪಾಡುವ ಪ್ರೋಟೀನ್ ಆಗಿಬಿಡುತ್ತದೆ. ನಾನು ಕಲಿಯುವ ದಿನಗಳಲ್ಲಿ ಹೀಗೇ ಆಯಿತು. ಎರಡು ದಿನ ಕೂತು ಆ ಫಲಿತಾಂಶಕ್ಕೆ ವಿವರಣೆಯನ್ನೂ ಬರೆದಿದ್ದೆ. ಆಮೇಲೆ ಆ ವೇರಿಯಂಟ್‌ನ ಸಾಲನ್ನು ಎರಡೂ ಫೈಲ್‌ನಿಂದ ತೆಗೆದು ಒಂದರ ಕೆಳಗೆ ಒಂದಿಟ್ಟು ನೋಡಿದೆ. ಒಂದರಲ್ಲಿ ಎ, ಇನ್ನೊಂದರಲ್ಲಿ ಜಿ. ಅವತ್ತಿನಿಂದ ಮೊದಲ ಐದು ಸಾಲುಗಳನ್ನು ಕಣ್ಣಾರೆ ಓದದೆ ಮುಂದಕ್ಕೆ ಹೋಗಿಲ್ಲ.

ಎ–ಟಿ ಅಥವಾ ಸಿ–ಜಿ ಜೋಡಿ ಇದ್ದರೆ ಇನ್ನೂ ಎಚ್ಚರ. ಡಿಎನ್‌ಎಯ ಎರಡೂ ಎಳೆಗಳಲ್ಲಿ ಅವು ಒಂದೇ ತರ ಕಾಣುತ್ತವೆ, ಯಾವ ಎಳೆ ಅಂತ ತಿಳಿಯುವುದಿಲ್ಲ. ಆ ಅಕ್ಷರದ ರೂಪ (ಅಲೀಲ್) ಎಷ್ಟು ಸಾಮಾನ್ಯ ಅನ್ನುವ ಅಂಕಿ ನೋಡಿ ಗುರುತಿಸಬಹುದು. ಆ ಅಂಕಿ 50%ರ ಹತ್ತಿರ ಇದ್ದರೆ ಆ ವೇರಿಯಂಟ್ ಬಿಡುವುದೇ ಸರಿ. ಜೊತೆಗೆ ಒಂದು ಫೈಲ್ ಜೀನೋಮ್‌ನ (ಇಡೀ ಡಿಎನ್‌ಎಯ) ನಕ್ಷೆಯ 37ನೇ ಆವೃತ್ತಿಯಲ್ಲಿ, ಇನ್ನೊಂದು 38ನೇ ಆವೃತ್ತಿಯಲ್ಲಿ ಇರಬಹುದು. ಆಗ ಜಾಗದ ನಂಬರ್ ಹೊಂದುವುದಿಲ್ಲ.

5. ಲೆಕ್ಕ ಹಾಕಿ

ಒಂದೇ ವೇರಿಯಂಟ್ ಇದ್ದರೆ ಇದು ಬರೀ ಒಂದು ಭಾಗಾಕಾರ. ಉದಾಹರಣೆಗೆ ಅಂತ ಅಂಕಿಗಳನ್ನು ನಾನೇ ಇಟ್ಟುಕೊಳ್ಳುತ್ತೇನೆ. ಎ ಅಕ್ಷರ ಒಂದು ಪ್ರತಿ ಇದ್ದರೆ ಪ್ರೋಟೀನ್ 0.50 ಸ್ಟ್ಯಾಂಡರ್ಡ್ ಡೀವಿಯೇಶನ್ (ಜನರಲ್ಲಿ ಅದರ ಮಟ್ಟ ಎಷ್ಟು ಹರಡಿದೆ ಅನ್ನುವ ಅಳತೆ) ಇಳಿಯುತ್ತದೆ, ಅಂದರೆ ಬೀಟಾ −0.50, ಎರರ್ 0.02. ಅದೇ ಅಕ್ಷರಕ್ಕೆ ಕಾಯಿಲೆಯ ಬೀಟಾ −0.10, ಎರರ್ 0.02. −0.10ನ್ನು −0.50ರಿಂದ ಭಾಗಿಸಿ: 0.20. ಇದು ಲಾಗ್ ಲೆಕ್ಕದಲ್ಲಿದೆ. ಲಾಗ್ ಬಿಡಿಸಿದರೆ, ಅಂದರೆ exp(0.20), 1.22. ಅಂದರೆ ಪ್ರೋಟೀನ್ ಒಂದು ಡೀವಿಯೇಶನ್ ಏರಿದರೆ ಕಾಯಿಲೆಯ ಆಡ್ಸ್ (ಬರುವ ಸಂಭವವನ್ನು ಬಾರದಿರುವ ಸಂಭವದಿಂದ ಭಾಗಿಸಿದ ಅಂಕಿ) 22% ಏರುತ್ತದೆ. ಎರರ್‌ಗೆ 0.02ನ್ನು 0.50ರಿಂದ ಭಾಗಿಸಿ, 0.04. ಹಾಗಾಗಿ ನಿಜವಾದ ಬೆಲೆ ಸುಮಾರು 1.13ರಿಂದ 1.32ರ ನಡುವೆ ಇರಬಹುದು. ಎಫ್ ಇಲ್ಲಿ 25ರ ವರ್ಗ, 625. ಬಲಕ್ಕೆ ಕೊರತೆ ಇಲ್ಲ.

ಇಷ್ಟನ್ನು ಕೈಯಲ್ಲಿ ಒಮ್ಮೆ ಮಾಡಿ, ಆಮೇಲೆ ಆರ್ (R) ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಪ್ಯಾಕೇಜ್ ಬಳಸಿ. ಹಲವು ವೇರಿಯಂಟ್ ಇದ್ದರೆ ಪ್ಯಾಕೇಜ್ ಅವುಗಳ ಸರಾಸರಿ ತೆಗೆಯುತ್ತದೆ. ಎಲ್ಲಾ 2,923 ಪ್ರೋಟೀನ್‌ಗೂ ಲೆಕ್ಕ ಓಡಿಸುವುದಾದರೆ 0.05 ಅನ್ನುವ ಗಡಿ ನಡೆಯುವುದಿಲ್ಲ. ಅದನ್ನು 2,923ರಿಂದ ಭಾಗಿಸಿ, ಸುಮಾರು 0.000017. ಇಲ್ಲದಿದ್ದರೆ ಬರೀ ಅದೃಷ್ಟದಿಂದಲೇ ನೂರಕ್ಕೂ ಜಾಸ್ತಿ ಪ್ರೋಟೀನ್‌ಗಳು "ಸಿಕ್ಕಿಬೀಳುತ್ತವೆ".

6. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ

ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಈ ಹಂತ.

ಡಿಎನ್‌ಎಯಲ್ಲಿ ಅಕ್ಕಪಕ್ಕ ಇರುವ ವೇರಿಯಂಟ್‌ಗಳು ಗುಂಪಾಗಿ ಮಕ್ಕಳಿಗೆ ಹೋಗುತ್ತವೆ. ಒಂದು ಇದ್ದರೆ ಪಕ್ಕದ್ದೂ ಇರುತ್ತದೆ. ಹಾಗಾಗಿ ಒಂದು ವೇರಿಯಂಟ್ ನಿಮ್ಮ ಪ್ರೋಟೀನ್ ಬದಲಿಸುತ್ತಿರಬಹುದು, ಪಕ್ಕದ ಇನ್ನೊಂದು ಬೇರೆ ಜೀನ್ ಮೂಲಕ ಕಾಯಿಲೆ ತರುತ್ತಿರಬಹುದು. ಎರಡೂ ಜೊತೆಯಾಗಿ ಓಡಾಡುವುದರಿಂದ ಐದನೇ ಹಂತದ ಲೆಕ್ಕ ಚೆನ್ನಾಗಿಯೇ ಬರುತ್ತದೆ, ತಪ್ಪು ಮಾತ್ರ ಯಾರದ್ದೋ ತಲೆಗೆ ಬೀಳುತ್ತದೆ.

ಮೊದಲು ಚಿತ್ರ ಬಿಡಿಸಿ. ಅಡ್ಡಕ್ಕೆ ಡಿಎನ್‌ಎಯ ಜಾಗ, ಉದ್ದಕ್ಕೆ ಪಿ ವ್ಯಾಲ್ಯೂನ ಬಲ (ಪಿ ಚಿಕ್ಕದಾದಷ್ಟೂ ಚುಕ್ಕಿ ಮೇಲೆ). ಮೇಲೆ ಪ್ರೋಟೀನ್, ಕೆಳಗೆ ಕಾಯಿಲೆ. ಚುಕ್ಕಿಗಳು ಬೆಟ್ಟದ ಆಕಾರದಲ್ಲಿ ಕಾಣುತ್ತವೆ. ದೂರದಿಂದ ನೋಡಿದರೆ ಎರಡು ಬೆಟ್ಟಗಳೂ ಒಂದೇ ಜಾಗದಲ್ಲಿ ಇದ್ದಂತೆ ಅನ್ನಿಸುತ್ತದೆ. ಚಿತ್ರವನ್ನು ಹಿಗ್ಗಿಸಿ. ಪ್ರೋಟೀನ್ ಬೆಟ್ಟದ ತುದಿಯಲ್ಲಿರುವ ಚುಕ್ಕಿ ಕಾಯಿಲೆ ಬೆಟ್ಟದಲ್ಲಿ ಎಲ್ಲಿದೆ ನೋಡಿ. ಅಲ್ಲೂ ತುದಿಯಲ್ಲೇ ಇದ್ದರೆ ಸಂತೋಷ. ಇಳಿಜಾರಿನ ಮಧ್ಯದಲ್ಲೆಲ್ಲೋ ಕೂತಿದ್ದರೆ, ಕಾಯಿಲೆಯ ತುದಿ ಬೇರೆ ಯಾವುದೋ ಜೀನ್ ಮೇಲಿದ್ದರೆ, ಅನುಮಾನ ಪಡಿ.

ಕಣ್ಣಿಗೆ ಕಂಡಿದ್ದನ್ನು ಅಂಕಿಗೆ ಇಳಿಸುವ ವಿಧಾನಕ್ಕೆ ಕೊಲೊಕಲೈಸೇಶನ್ ಅನ್ನುತ್ತಾರೆ. ಅದು ಐದು ಸಾಧ್ಯತೆ ಇಟ್ಟುಕೊಳ್ಳುತ್ತದೆ. ನಮಗೆ ಬೇಕಾದ್ದು ಕೊನೆಯ ಎರಡು. ಎಚ್3 ಅಂದರೆ ಎರಡಕ್ಕೂ ಬೇರೆ ಬೇರೆ ವೇರಿಯಂಟ್ ಕಾರಣ. ಎಚ್4 ಅಂದರೆ ಒಂದೇ ವೇರಿಯಂಟ್ ಎರಡಕ್ಕೂ ಕಾರಣ. ಎಚ್4ರ ಸಂಭವ 0.8 ದಾಟಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಎಚ್3 ದೊಡ್ಡದಾಗಿದ್ದರೆ ಕಥೆ ಅಲ್ಲಿಗೇ ನಿಲ್ಲಿಸಿ. ಎರಡೂ ಚಿಕ್ಕದಾಗಿದ್ದರೆ "ಇಲ್ಲ" ಅಂತ ಅರ್ಥ ಅಲ್ಲ, ಕಾಯಿಲೆಯ ಡೇಟಾಗೆ ಬಲ ಸಾಲದು ಅಂತ. ಇದನ್ನು ಬೆರೆಸಿ ಓದುವವರು ಬಹಳ ಜನ.

ಇನ್ನೂ ಒಂದು ಮಾತು. ಕೊಲೊಕಲೈಸೇಶನ್‌ನ ಹಳೆಯ ವಿಧಾನ ಆ ಜಾಗದಲ್ಲಿ ಒಂದೇ ಒಂದು ಕಾರಣ ಇದೆ ಅಂದುಕೊಂಡು ಲೆಕ್ಕ ಹಾಕುತ್ತದೆ. ಪ್ರೋಟೀನ್ ಜೀನ್‌ಗಳ ಪಕ್ಕದಲ್ಲಿ ಎರಡು ಮೂರು ಸ್ವತಂತ್ರ ವೇರಿಯಂಟ್ ಇರುವುದು ಮಾಮೂಲು. ಆಗ ಸೂಸಿ ಅನ್ನುವ ವಿಧಾನದಿಂದ ಮೊದಲು ಅವನ್ನು ಬಿಡಿಸಿಕೊಂಡು, ಒಂದೊಂದನ್ನೂ ಬೇರೆ ಬೇರೆಯಾಗಿ ಹೋಲಿಸಿ.

7. ಅಳತೆಯೇ ಸುಳ್ಳು ಹೇಳುತ್ತಿದೆಯೇ ನೋಡಿ

ಸಾವಿರಾರು ಪ್ರೋಟೀನ್ ಒಟ್ಟಿಗೆ ಅಳೆಯುವ ಉಪಕರಣಗಳು ತೂಕ ಹಾಕುವುದಿಲ್ಲ. ಪ್ರೋಟೀನ್‌ಗೆ ಏನೋ ಒಂದು ಅಂಟಿಕೊಂಡಿತೇ ಅಂತ ನೋಡುತ್ತವೆ. ಯುಕೆ ಬಯೋಬ್ಯಾಂಕ್ ಬಳಸಿದ ಓಲಿಂಕ್ ವಿಧಾನದಲ್ಲಿ ಎರಡು ಆಂಟಿಬಾಡಿ ಒಂದೇ ಪ್ರೋಟೀನ್‌ಗೆ ಅಂಟಬೇಕು. ಡಿಕೋಡ್ ಬಳಸಿದ ಸೋಮಾಸ್ಕ್ಯಾನ್‌ನಲ್ಲಿ ಆಪ್ಟಮರ್ ಅನ್ನುವ ಡಿಎನ್‌ಎ ತುಣುಕು ಅಂಟುತ್ತದೆ.

ಈಗ ಯೋಚಿಸಿ. ವೇರಿಯಂಟ್ ಪ್ರೋಟೀನ್‌ನ ಪ್ರಮಾಣ ಬದಲಿಸದೆ ಆಕಾರ ಮಾತ್ರ ಬದಲಿಸಿದರೆ? ಅಂಟುವ ಜಾಗ ಸವೆದುಹೋದರೆ ಉಪಕರಣ "ಕಡಿಮೆ ಇದೆ" ಅನ್ನುತ್ತದೆ. ರಕ್ತದಲ್ಲಿ ಅದು ಇದ್ದಷ್ಟೇ ಇರುತ್ತದೆ. ಆದ್ದರಿಂದ ನಿಮ್ಮ ವೇರಿಯಂಟ್, ಅಥವಾ ಅದರ ಜೊತೆ ಸಾಗುವ ಯಾವುದಾದರೂ, ಪ್ರೋಟೀನ್‌ನ ಅಮೈನೋ ಆಮ್ಲ ಬದಲಿಸುತ್ತದೆಯೇ ಅಂತ ಹುಡುಕಿ. ಬದಲಿಸಿದರೆ ಇನ್ನೊಂದು ಉಪಕರಣದ ಡೇಟಾದಲ್ಲೂ ಅದೇ ದಿಕ್ಕು ಇದೆಯೇ ನೋಡಿ. ಆ ಜೀನ್‌ನ ಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಜೀನ್‌ನಿಂದ ತೆಗೆದ ನಕಲು) ಮಟ್ಟವೂ ಅದೇ ದಿಕ್ಕಿಗೆ ಹೋಗಿದ್ದರೆ ಧೈರ್ಯ ಬರುತ್ತದೆ. ಎರಡು ಉಪಕರಣಗಳು ಜಗಳವಾಡಿದರೆ ಆ ಜಗಳವನ್ನೇ ವರದಿಯಲ್ಲಿ ಬರೆಯಿರಿ.

8. ತಿರುವಿ ನೋಡಿ

ಕಾಯಿಲೆಯೇ ಪ್ರೋಟೀನ್ ಏರಿಸುತ್ತಿರಬಹುದು. ಹೃದಯದ ಗೋಡೆ ಹಿಗ್ಗಿದಾಗ ಬಿಎನ್‌ಪಿ ಬಿಡುಗಡೆ ಆಗುತ್ತದೆ. ಹೃದಯ ಸೋತವರಲ್ಲಿ ಅದು ಬಹಳ ಜಾಸ್ತಿ. ಆದರೆ ಅದು ಉಪ್ಪು ನೀರು ಹೊರಹಾಕಿ ರಕ್ತದೊತ್ತಡ ಇಳಿಸುವ, ದೇಹದ ಸ್ವಂತ ಪರಿಹಾರ. ಇದನ್ನು ಪರೀಕ್ಷಿಸಲು ಕಾಯಿಲೆಯ ವೇರಿಯಂಟ್‌ಗಳನ್ನು ಮೊದಲು ಇಟ್ಟು, ಪ್ರೋಟೀನ್ ಮೇಲೆ ಅವುಗಳ ಪರಿಣಾಮ ನೋಡಿ. ಸಿಸ್ ವೇರಿಯಂಟ್ ಬಳಸಿದ್ದರೆ ಈ ಅಪಾಯ ಕಡಿಮೆ, ಆದರೂ ಮಾಡಿ. ಹೆಚ್ಚು ಹೊತ್ತು ಹಿಡಿಯುವುದಿಲ್ಲ.

9. ರಕ್ತದಲ್ಲಿ ಏರಿತು ಅಂದರೆ ಕೆಲಸ ಏರಿತು ಅಂತಲೇ?

ಅಲ್ಲ. ನನಗೆ ಬಹಳ ಇಷ್ಟದ ಉದಾಹರಣೆ ಐಎಲ್6 ರಿಸೆಪ್ಟರ್. ಉರಿಯೂತದ ಸಂದೇಶ ಹಿಡಿಯುವ ಈ ಪ್ರೋಟೀನ್ ಜೀವಕೋಶದ ಮೇಲೆ ಕೂತಿರುತ್ತದೆ. ಅದರ 358ನೇ ಜಾಗದ ಒಂದು ವೇರಿಯಂಟ್ ಇದ್ದರೆ ರಿಸೆಪ್ಟರ್ ಜೀವಕೋಶದಿಂದ ಕಳಚಿ ರಕ್ತಕ್ಕೆ ಬೀಳುತ್ತದೆ. 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಆ ವೇರಿಯಂಟ್‌ನ ಒಂದೊಂದು ಪ್ರತಿಗೂ ರಕ್ತದ ರಿಸೆಪ್ಟರ್ ಸುಮಾರು 34% ಏರಿತ್ತು. ಸಿಆರ್‌ಪಿ ಮಾತ್ರ 7.5% ಇಳಿದಿತ್ತು, ಹೃದ್ರೋಗದ ಆಡ್ಸ್ 3.4% ಇಳಿದಿತ್ತು.

ಬರೀ ಐದನೇ ಹಂತದ ಲೆಕ್ಕ ನೋಡಿದವರು "ರಿಸೆಪ್ಟರ್ ಜಾಸ್ತಿ ಆದರೆ ಹೃದಯಕ್ಕೆ ಒಳ್ಳೆಯದು, ಏರಿಸುವ ಔಷಧಿ ಮಾಡೋಣ" ಅನ್ನುತ್ತಾರೆ. ನಿಜ ಅದಕ್ಕೆ ತದ್ವಿರುದ್ಧ. ರಕ್ತಕ್ಕೆ ಬಿದ್ದಿದ್ದರಿಂದಲೇ ಜೀವಕೋಶದ ಮೇಲೆ ಕಡಿಮೆಯಾಯಿತು, ಸಂದೇಶ ಮಂಕಾಯಿತು. ಬೇಕಾದ್ದು ತಡೆಯುವ ಔಷಧಿ. ಸಿಆರ್‌ಪಿ ಇಳಿದಿದ್ದನ್ನು ನೋಡಿದ್ದರಿಂದ ಇದು ಗೊತ್ತಾಯಿತು. ಹೃದಯಕ್ಕೆ ಕಾರಣ ಅಲ್ಲ ಅಂತ ಮೊದಲು ಪಕ್ಕಕ್ಕಿಟ್ಟ ಸಿಆರ್‌ಪಿ ಇಲ್ಲಿ ಒಳ್ಳೆಯ ಸಾಕ್ಷಿಯಾಗಿ ಬಂತು, ನೋಡಿ.

ಹಾಗಾಗಿ ಪ್ರತಿ ಪ್ರೋಟೀನ್‌ಗೂ ಕೇಳಿ: ಇದು ರಕ್ತದಲ್ಲೇ ಕೆಲಸ ಮಾಡುವುದೋ, ಜೀವಕೋಶದಿಂದ ಕಳಚಿ ಬಂದದ್ದೋ, ಕೋಶ ಸತ್ತು ಸೋರಿದ್ದೋ? ಇದರ ಕೆಲಸ ತೋರಿಸುವ ಇನ್ನೊಂದು ಅಳತೆ ಯಾವುದು?

10. ಬೇರೆ ಕಾಯಿಲೆಗಳ ಮೇಲೂ ಕಣ್ಣು ಹಾಯಿಸಿ

ಅದೇ ವೇರಿಯಂಟ್ ಇಟ್ಟುಕೊಂಡು ನೂರಾರು ಕಾಯಿಲೆಗಳ ಪಟ್ಟಿ ನೋಡಿ. ಔಷಧಿಯ ಅಡ್ಡ ಪರಿಣಾಮ ಇಲ್ಲೇ ಕಾಣಬಹುದು. ಟಿಎನ್‌ಎಫ್ ಉರಿಯೂತದ ಸಂದೇಶ ಸಾಗಿಸುವ ಪ್ರೋಟೀನ್. ಅದನ್ನು ಹಿಡಿಯುವ ಟಿಎನ್‌ಎಫ್ ರಿಸೆಪ್ಟರ್ 1ರ ಜೀನ್‌ನಲ್ಲಿ ಒಂದು ವೇರಿಯಂಟ್ ಇದೆ. ಆ ವೇರಿಯಂಟ್ ಟಿಎನ್‌ಎಫ್ ಅನ್ನು ತಡೆಯಬಲ್ಲ, ರಿಸೆಪ್ಟರ್‌ನ ಕರಗುವ ರೂಪವೊಂದನ್ನು ತಯಾರು ಮಾಡುತ್ತದೆ, ನರಗಳ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಅಪಾಯವನ್ನೂ ಏರಿಸುತ್ತದೆ. 2012ರಲ್ಲಿ ಇದು ತಿಳಿಯುವ ಎಷ್ಟೋ ಮೊದಲೇ, ಟಿಎನ್‌ಎಫ್ ತಡೆಯುವ ಔಷಧಿ ಕೊಟ್ಟಾಗ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ಕಾಯಿಲೆ ಉಲ್ಬಣ ಆಗಿದ್ದನ್ನು ವೈದ್ಯರು ಕಂಡಿದ್ದರು. ಕೀಲುವಾತಕ್ಕೆ ಅದೇ ಬಗೆಯ ಔಷಧಿಗಳಿಂದ ಒಳ್ಳೆಯದಾಗಿದೆ. ಒಂದೇ ಪ್ರೋಟೀನ್, ಎರಡು ಕಾಯಿಲೆ, ಎರಡು ದಿಕ್ಕು.

ಕೊನೆಗೆ, ವರದಿಯಲ್ಲಿ ಏನು ಬರೆಯಬೇಕು

ಪ್ರತಿ ಪ್ರೋಟೀನ್‌ಗೆ ಒಂದು ಸಾಲು. ಯಾವ ವೇರಿಯಂಟ್, ಯಾವ ಅಕ್ಷರಕ್ಕೆ ಲೆಕ್ಕ, ಜೀನೋಮ್ ಆವೃತ್ತಿ, ಎರಡೂ ಬೀಟಾ ಮತ್ತು ಎರರ್, ಎಚ್3, ಎಚ್4, ಅಮೈನೋ ಆಮ್ಲ ಬದಲಾಗುತ್ತದೆಯೇ, ಇನ್ನೊಂದು ಉಪಕರಣ ಏನು ಹೇಳಿತು. ಇಷ್ಟಿದ್ದರೆ ಬೇರೆಯವರು ನಿಮ್ಮ ಲೆಕ್ಕವನ್ನು ಮತ್ತೆ ಮಾಡಿ ನೋಡಬಹುದು.

ಏನೂ ಸಿಗದ ಪ್ರೋಟೀನ್‌ಗಳನ್ನೂ ಪಟ್ಟಿಯಿಂದ ತೆಗೆಯಬೇಡಿ, ದಯವಿಟ್ಟು. ಎಲ್‌ಪಿ-ಪಿಎಲ್‌ಎ2 ಅನ್ನುವ ಎಂಜೈಮ್ ಹೃದ್ರೋಗ ಇರುವವರಲ್ಲಿ ಜಾಸ್ತಿ ಇರುತ್ತದೆ ಅಂತ ಅದನ್ನು ತಡೆಯುವ ಡಾರಾಪ್ಲಾಡಿಬ್ ಔಷಧಿ ಮಾಡಿದರು. 15,828 ಜನರ ಒಂದು ಪ್ರಯೋಗ, 13,026 ಜನರ ಇನ್ನೊಂದು. 2014ರಲ್ಲಿ ಎರಡೂ ಮುಖ್ಯ ಗುರಿ ಮುಟ್ಟಲಿಲ್ಲ. ಪೂರ್ವ ಏಷ್ಯಾದ ಅನೇಕರಲ್ಲಿ ಈ ಎಂಜೈಮ್ ಅನ್ನು ಹುಟ್ಟಿನಿಂದಲೇ ಕೆಡಿಸುವ ವೇರಿಯಂಟ್ ಇದೆ. 2016ರಲ್ಲಿ ಚೀನಾದ ಸುಮಾರು 90,000 ವಯಸ್ಕರಲ್ಲಿ ಅದನ್ನು ಹುಡುಕಿ ನೋಡಿದರು. ಆ ವೇರಿಯಂಟ್ ಇದ್ದವರಿಗೂ ಇಲ್ಲದವರಿಗೂ ಹೃದಯ, ರಕ್ತನಾಳದ ಕಾಯಿಲೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂಥ ಒಂದು ಖಾಲಿ ಸಾಲು ಔಷಧಿ ಪ್ರಯೋಗಕ್ಕೆ ಮೊದಲೇ ಕೈಗೆ ಸಿಕ್ಕಿದ್ದರೆ, ಅಷ್ಟು ಸಾವಿರ ರೋಗಿಗಳನ್ನು ವರ್ಷಗಟ್ಟಲೆ ಬೇರೆ ಯಾವುದಾದರೂ ಔಷಧಿಯ ಪರೀಕ್ಷೆಗೆ ಸೇರಿಸಬಹುದಿತ್ತು.